ಮಾನಸಿಕ ಅಸ್ವಸ್ಥರ ಪುನರ್ವಸತಿ ಗೃಹಗಳಿಗೆ ಅನುಮತಿ ನಿರಾಕರಣೆಯನ್ನು ಕುರಿತ ಮನವಿ ಪತ್ರ

ವಿಕಲಚೇತನರ ಹಕ್ಕುಗಳ ಅಧಿನಿಯಮದನ್ವಯ ನಿಯುಕ್ತರಾದ ಕರ್ನಾಟಕ ರಾಜ್ಯದ ಮಾನ್ಯ ಆಯುಕ್ತರ ಸನ್ನಿಧಿಗೆ,

ಮಾನ್ಯರೇ,

ಮಾನಸಿಕ ಅಸ್ವಸ್ಥತೆಗೆ ಗುರಿಯಾದವರ ತಂದೆತಾಯಿಗಳೂ ಒಡಹುಟ್ಟಿದವರೂ ಶುಶ್ರೂಷಕರೂ ಆದ ನಾವು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಆಸ್ಪತ್ರೆಯಲ್ಲಿ ರೋಗವು ಶಮನಗೊಂಡ ಮಾತ್ರಕ್ಕೆ ಮನುಷ್ಯನು ಬಾಳಿಗೆ ಮರಳಿದಂತಾಗುವುದಿಲ್ಲ. ಹೊತ್ತಿಗೆ ಸರಿಯಾಗಿ ಔಷಧ ಸೇವಿಸುವ, ಅಡಿಗೆಯಲ್ಲಿ ಕೈಜೋಡಿಸುವ, ಅಂಗಡಿಗೆ ಹೋಗಿಬರುವ, ದುಡಿದು ಗಳಿಸುವ ಸಾಮರ್ಥ್ಯವನ್ನು ಆತನು ಮೆಲ್ಲಮೆಲ್ಲನೆ ಮರಳಿ ಪಡೆಯುವುದು ಹಾಫ್‌ವೇ ಹೋಂ ಎಂದು ಕರೆಯಲ್ಪಡುವ ಪುನರ್ವಸತಿ ಗೃಹದಲ್ಲಿ. ಅಂತಹ ಗೃಹವು ಜನವಸತಿಯ ನಡುವೆ ಇದ್ದರೇ ಸಾರ್ಥಕ. ಆದರೆ ಅದಕ್ಕಾಗಿ ಅರ್ಜಿ ಸಲ್ಲಿಸಿದಲ್ಲಿ, ಸಾಮಾನ್ಯ ನರ್ಸಿಂಗ್ ಹೋಮಿಗೆ ಕೇಳದ ಪ್ರಶ್ನೆಗಳು ತಲೆಯೆತ್ತುತ್ತವೆ. ನೆರೆಹೊರೆಯವರ ಭೀತಿಯು ವಾಹನದಟ್ಟಣೆಯ ಆಕ್ಷೇಪಣೆಯ ವೇಷವನ್ನು ಧರಿಸುತ್ತದೆ. ವಲಯ ನಿಯಮಕ್ಕೆ ವಿರುದ್ಧವೆಂಬ ಒಂದೇ ಸಾಲಿನ ಹಿಂಬರಹದಿಂದ ಅರ್ಜಿಯು ತಿರಸ್ಕೃತವಾಗುತ್ತದೆ.

2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದ 19ನೆಯ ಪ್ರಕರಣವು, ಸಮಾಜದಿಂದ ಬೇರ್ಪಡಿಸಲ್ಪಡದೆ ಬಾಳುವ ಹಕ್ಕನ್ನು ಈ ಜನಕ್ಕೆ ಕೊಟ್ಟಿರುವುದಲ್ಲದೆ, ಸಮುದಾಯದಲ್ಲಿ ತಂಗುವ ಸೌಕರ್ಯವಿಲ್ಲವೆಂಬ ಕಾರಣದಿಂದಲೇ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಕೂಡದೆಂದು ವಿಧಿಸಿದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವಾದರೋ, ಮಾನಸಿಕ ಅಸ್ವಸ್ಥತೆಯನ್ನು ತನ್ನ ಅನುಸೂಚಿಯಲ್ಲಿ ಸೇರಿಸಿ, ನ್ಯಾಯಸಮ್ಮತ ಉದ್ದೇಶಕ್ಕೆ ತಕ್ಕ ಪ್ರಮಾಣದ ಉಪಾಯವೆಂದು ತೋರಿಸಿಕೊಟ್ಟ ಹೊರತು ವಿಕಲತೆಯ ಕಾರಣದಿಂದ ತಾರತಮ್ಯವೆಸಗಬಾರದೆಂದು 3ನೆಯ ಪ್ರಕರಣದಲ್ಲಿ ನಿಷೇಧಿಸಿದೆ. ಹೀಗಿರಲು, ನಿರಾಕರಣೆಯು ನ್ಯಾಯವೆಂದು ಸಮರ್ಥಿಸುವ ಹೊಣೆಯು ನಿರಾಕರಿಸಿದವರದೇ ಆಗಿರತಕ್ಕದ್ದು.

ಇಂತಹದೇ ಪ್ರಶ್ನೆಯು ಬೇರೆಡೆಯೂ ಎದ್ದುದುಂಟು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ, ಮಾದಕ ವ್ಯಸನಕ್ಕೆ ಮೆಥಡೋನ್ ಚಿಕಿತ್ಸೆ ನೀಡುವ ಕೇಂದ್ರಗಳನ್ನು ಶಾಲೆ, ಉದ್ಯಾನ, ವಸತಿಪ್ರದೇಶ ಮುಂತಾದವುಗಳ 500 ಅಡಿಯೊಳಗೆ ಸ್ಥಳೀಯ ಸಭೆಯ ಒಪ್ಪಿಗೆಯಿಲ್ಲದೆ ತೆರೆಯಕೂಡದೆಂಬ ಶಾಸನವಿದ್ದಿತು. ರೆಡಿಂಗ್ ನಗರವು ಅದರಂತೆ ಅನುಮತಿ ನಿರಾಕರಿಸಿದಾಗ, 2007ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವು ಆ ಶಾಸನವನ್ನೇ 1973 ಮತ್ತು 1990ರ ವಿಕಲಚೇತನರ ಕಾನೂನುಗಳಿಗೆ ವಿರುದ್ಧವೆಂದು ನಿರ್ಣಯಿಸಿ, ಅಪಾಯವು ವಸ್ತುನಿಷ್ಠ ಸಾಕ್ಷ್ಯದಿಂದ ಸಿದ್ಧವಾಗಬೇಕೇ ಹೊರತು ಊಹೆಯಿಂದಲ್ಲವೆಂಬ ತತ್ತ್ವವನ್ನು ಎತ್ತಿಹಿಡಿಯಿತು. ಆ ತೀರ್ಪು ನಮ್ಮ ಅಧಿಕಾರಿಗಳನ್ನು ಬಂಧಿಸದಿದ್ದರೂ, ಅದರ ನ್ಯಾಯವು ನಮ್ಮ ಅಧಿನಿಯಮದ ಆಶಯಕ್ಕೆ ಅನುಗುಣವಾದುದೇ ಆಗಿದೆ.

ಆದುದರಿಂದ ನಮ್ಮ ಬೇಡಿಕೆಗಳು ಇಂತಿವೆ:

1. ವಿಕಲಚೇತನರ ಹಕ್ಕುಗಳ ಅಧಿನಿಯಮದ 80ನೆಯ ಪ್ರಕರಣದನ್ವಯ, ನಗರಾಡಳಿತ ಹಾಗೂ ಯೋಜನಾ ಪ್ರಾಧಿಕಾರಗಳ ವಲಯ ನಿಯಮಗಳನ್ನೂ ಅನುಮತಿ ಕ್ರಮಗಳನ್ನೂ ಪರಿಶೀಲಿಸಿ, ಅಸಂಗತವಾದವುಗಳ ತಿದ್ದುಪಡಿಗೆ ಶಿಫಾರಸು ಮಾಡತಕ್ಕದ್ದು.

2. ಸಮಾನ ಗಾತ್ರದ ನರ್ಸಿಂಗ್ ಹೋಮಿಗೆ ಇಲ್ಲದ ಷರತ್ತನ್ನು ಪುನರ್ವಸತಿ ಗೃಹದ ಮೇಲೆ ಹೇರದಂತೆ ನೋಡಿಕೊಳ್ಳತಕ್ಕದ್ದು.

3. ನಿರಾಕರಣೆಯು ಲಿಖಿತವಾಗಿಯೂ ಸಕಾರಣವಾಗಿಯೂ ಆ ಕಟ್ಟಡಕ್ಕೇ ಸಂಬಂಧಿಸಿದ ಸಾಕ್ಷ್ಯವನ್ನು ಆಧರಿಸಿಯೂ ಇರಬೇಕೆಂದು, ನೆರೆಯವರ ಭೀತಿಯೊಂದೇ ಕಾರಣವಾಗಲಾರದೆಂದು, ಸುತ್ತೋಲೆ ಹೊರಡಿಸುವಂತೆ ಸರ್ಕಾರಕ್ಕೆ ಸಲಹೆ ನೀಡತಕ್ಕದ್ದು.

4. ನಿಯಮವೇ ಅಡ್ಡಿಯಾದಲ್ಲಿ, ಯುಕ್ತ ಹೊಂದಾಣಿಕೆಯಾಗಿ ಅದರ ಸಡಿಲಿಕೆಯನ್ನು ಪರಿಗಣಿಸುವಂತೆ ವಿಧಿಸತಕ್ಕದ್ದು.

5. ಈಗಾಗಲೇ ತಿರಸ್ಕೃತವಾದ ಅರ್ಜಿಗಳನ್ನು ವಿಚಾರಣೆಗೆ ಎತ್ತಿಕೊಂಡು, ತಮ್ಮ ಶಿಫಾರಸಿನ ಮೇಲೆ ಕೈಗೊಂಡ ಕ್ರಮವನ್ನು 81ನೆಯ ಪ್ರಕರಣದ ಮೂರು ತಿಂಗಳ ಅವಧಿಯೊಳಗೆ ಸಂಬಂಧಪಟ್ಟ ಪ್ರಾಧಿಕಾರಗಳಿಂದ ತರಿಸಿಕೊಳ್ಳತಕ್ಕದ್ದು.

ಅಗ್ನಿಸುರಕ್ಷೆ, ನೈರ್ಮಲ್ಯ, ನೋಂದಣಿ ಮುಂತಾದ ನಿಯಮಗಳಿಂದ ನಾವು ವಿನಾಯಿತಿಯನ್ನು ಬೇಡುತ್ತಿಲ್ಲ. ಎಲ್ಲರಿಗೂ ಅನ್ವಯಿಸುವ ನಿಯಮವು ನಮ್ಮವರಿಗೂ ಅಷ್ಟೇ ಅನ್ವಯಿಸಲಿ, ಅದಕ್ಕಿಂತ ಹೆಚ್ಚಾಗಿ ಅಲ್ಲ ಎಂಬುದಷ್ಟೇ ನಮ್ಮ ಪ್ರಾರ್ಥನೆ. ತಾವು ಈ ವಿಷಯವನ್ನು ತ್ವರಿತವಾಗಿ ಪರಿಶೀಲಿಸಿ, ನಮಗೆ ಅಹವಾಲು ಹೇಳಿಕೊಳ್ಳುವ ಅವಕಾಶವನ್ನು ದಯಪಾಲಿಸಬೇಕೆಂದು ಕೋರುತ್ತೇವೆ.

ಇತಿ ತಮ್ಮ ವಿಧೇಯರು,
ಅಸ್ವಸ್ಥರ ಕುಟುಂಬದವರು ಮತ್ತು ಶುಶ್ರೂಷಕರು