ರಂಗಪ್ರವೇಶಕ್ಕೆ ಯಂತ್ರದ ಸ್ವರ

ನಾಟಕವಾಗಲಿ, ಗಾನಸಭೆಯಾಗಲಿ, ನಮ್ಮ ಕಾಲೇಜಿನ ವಾರ್ಷಿಕೋತ್ಸವವೇ ಆಗಲಿ, ಸಭಾಂಗಣದ ದೀಪಗಳು ಆರಿದ ಗಳಿಗೆಗೂ ಪಾತ್ರಧಾರಿ ರಂಗದ ಮೇಲೆ ಕಾಲಿಡುವ ಗಳಿಗೆಗೂ ನಡುವೆ ಒಂದೆರಡು ನಿಮಿಷಗಳ ಅವಕಾಶವಿರುತ್ತದೆ. ಆ ಅವಕಾಶವನ್ನು ನಾವು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೆಮ್ಮುವವರು ಕೆಮ್ಮಿ ಮುಗಿಸುವುದಕ್ಕೂ ಕುರ್ಚಿ ಎಳೆಯುವವರು ಎಳೆದುಕೊಳ್ಳುವುದಕ್ಕೂ ಅದು ಮೀಸಲು. ಧ್ವನಿವರ್ಧಕದವನು ತನ್ನ ಬಳಿ ಇದ್ದ ಯಾವುದೋ ಸಿನಿಮಾ ಹಾಡಿನ ತುಂಡನ್ನು ಹಾಕುತ್ತಾನೆ. ಮುಖ್ಯ ಅತಿಥಿಗಳಿಗೂ ಅದೇ ತುಂಡು, ದುರ್ಯೋಧನನಿಗೂ ಅದೇ ತುಂಡು, ಸಮೂಹನೃತ್ಯದ ಹುಡುಗಿಯರಿಗೂ ಅದೇ ತುಂಡು. ಈ ಅವಕಾಶಕ್ಕೆಂದೇ ಸಂಗೀತವನ್ನು ರಚಿಸಬೇಕು, ನಾವೇ ರಚಿಸಬೇಕು, ರಚಿಸುವ ವಿದ್ಯೆಯನ್ನು ಐವತ್ತು ವರ್ಷಗಳ ಹಿಂದಿನ ವಿದ್ಯುನ್ಮಾನ ಸಂಗೀತಗಾರರಿಂದ ಕಲಿಯಬೇಕು ಎಂಬುದು ನನ್ನ ವಾದ. ಮೂರನೆಯ ಮಾತಿಗೆ ನಮ್ಮ ಗುರುಗಳಲ್ಲಿ ಕೆಲವರು ಹುಬ್ಬೇರಿಸಿಯಾರೆಂದು ಬಲ್ಲೆ.

ರಂಗಪ್ರವೇಶವೆಂದೊಡನೆ ಭರತನಾಟ್ಯದ ಮೊದಲ ಪ್ರದರ್ಶನವನ್ನೂ ಅದಕ್ಕೆ ತಗಲುವ ಖರ್ಚನ್ನೂ ನೆನೆಯುವುದು ನಮ್ಮಲ್ಲಿ ವಾಡಿಕೆ. ನಾನು ಹೇಳುತ್ತಿರುವುದು ಅದಲ್ಲ. ರಂಗಕ್ಕೆ ಬರುವ ಕ್ರಿಯೆಯನ್ನಷ್ಟೇ, ಆ ಬರುವಿಕೆಗೆ ಒದಗುವ ನಾದವನ್ನಷ್ಟೇ.

ಇದು ಹೊಸ ವಿಚಾರವೇನೂ ಅಲ್ಲ. ಯಕ್ಷಗಾನದ ಒಡ್ಡೋಲಗವನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಬಣ್ಣದ ವೇಷ ಒಮ್ಮೆಗೇ ಎದುರಿಗೆ ಬಂದು ನಿಲ್ಲುವುದಿಲ್ಲ. ಮೊದಲು ಚಂಡೆ, ಆಮೇಲೆ ತೆರೆಯ ಹಿಂದಿನಿಂದ ಅಟ್ಟಹಾಸ, ಆಮೇಲೆ ತೆರೆಯ ಮೇಲಂಚಿನಲ್ಲಿ ಕಿರೀಟದ ತುದಿ. ರಾಕ್ಷಸನ ಮುಖ ಕಾಣುವ ಹೊತ್ತಿಗೆ ಮುಂದಿನ ಸಾಲಿನ ಮಕ್ಕಳು ತಾಯಿಯ ಮಡಿಲು ಸೇರಿರುತ್ತಾರೆ. ಅಲ್ಲಿ ಹೆದರಿಸಿದ್ದು ಮುಖವಲ್ಲ, ಮುಖಕ್ಕಾಗಿ ಕಾಯಿಸಿದ ಕ್ರಮ.

ಪಾಶ್ಚಾತ್ಯರಲ್ಲಿ ಈ ಕೆಲಸಕ್ಕೆ ಬಹುಕಾಲ ಹಳೆಯ ಕೃತಿಗಳನ್ನೇ ಎರವಲು ಪಡೆಯುತ್ತಿದ್ದರು. ಎಲ್ವಿಸ್ ಪ್ರೀಸ್ಲಿ 1970ರ ದಶಕದ ಆರಂಭದಲ್ಲಿ ರಿಚರ್ಡ್ ಸ್ಟ್ರಾಸ್ ಎಂಬ ಜರ್ಮನ್ ವಾಗ್ಗೇಯಕಾರನು 1896ರಲ್ಲಿ ರಚಿಸಿದ ‘ಜರತುಷ್ಟ್ರ’ ಕೃತಿಯ ಮೊದಲ ಭಾಗವನ್ನು ನುಡಿಸಿಕೊಂಡು ರಂಗಕ್ಕೆ ಬರುತ್ತಿದ್ದನು. ಅದರಲ್ಲಿರುವುದೇನು? ತಳದಲ್ಲಿ ಒಂದು ದೀರ್ಘವಾದ ಮಂದ್ರ ಷಡ್ಜ. ಅದರ ಮೇಲೆ ತುತ್ತೂರಿಗಳಲ್ಲಿ ಷಡ್ಜ, ಪಂಚಮ, ತಾರಷಡ್ಜ. ನಮ್ಮ ತಂಬೂರಿಯಲ್ಲಿರುವುದೂ ಬಹುಮಟ್ಟಿಗೆ ಇಷ್ಟೇ ಅಲ್ಲವೆ? ಗಾಂಧಾರವನ್ನು ಬೇಕೆಂದೇ ತಡೆದಿಟ್ಟು, ಕಡೆಗೆ ಅಂತರ ಗಾಂಧಾರವನ್ನು ಕೊಟ್ಟಂತೆ ಮಾಡಿ, ಕೂಡಲೇ ಸಾಧಾರಣಕ್ಕೆ ಇಳಿಸಿಬಿಡುತ್ತಾನೆ. ಎರಡನೆಯ ಸಲ ಇದೇ ತಿರುವುಮುರುವಾಗುತ್ತದೆ. ಕೇಳುವವನಿಗೆ ಬೆಳಕೋ ಕತ್ತಲೋ ನಿಶ್ಚಯವಾಗುವುದಿಲ್ಲ. ಪ್ರವೇಶಸಂಗೀತದ ಗುಟ್ಟೆಲ್ಲ ಈ ಅನಿಶ್ಚಯದಲ್ಲಿದೆ ಎಂದು ನನ್ನ ಅಲ್ಪಮತಿಗೆ ತೋರುತ್ತದೆ.

ಯಂತ್ರದ ಸ್ವರ ಈ ಕೆಲಸಕ್ಕೆ ಬಂದ ಒಂದು ಮುಖ್ಯ ಸಂದರ್ಭ 1972ರದು. ಡೇವಿಡ್ ಬೋವೀ ಎಂಬ ಇಂಗ್ಲಿಷ್ ಗಾಯಕ ತನ್ನ ‘ಜಿಗ್ಗಿ ಸ್ಟಾರ್‌ಡಸ್ಟ್’ ಪ್ರವಾಸದಲ್ಲಿ, ಬೀಥೋವನನ ಒಂಬತ್ತನೆಯ ಸಿಂಫನಿಯನ್ನು ವೆಂಡಿ ಕಾರ್ಲೋಸ್ ಅವರು ಮೂಗ್ ಸಿಂಥಸೈಜರಿನಲ್ಲಿ ನುಡಿಸಿದ ರೂಪವನ್ನು ಹಾಕಿಸಿಕೊಂಡು ರಂಗಕ್ಕೆ ಬರುತ್ತಿದ್ದನು. ಹಿಂದಿನ ವರ್ಷ ತೆರೆಕಂಡ ಕ್ಯೂಬ್ರಿಕ್‌ನ ಚಲನಚಿತ್ರವೊಂದರಲ್ಲಿ ಬಳಕೆಯಾದದ್ದು ಅದು. ಈ ಕಾರ್ಲೋಸ್ ಅವರ ದುಡಿಮೆಯನ್ನು ಯಂತ್ರವೆಂದರೆ ಸೋಮಾರಿಗಳ ಸಾಧನವೆಂದು ಬಗೆದವರು ತಿಳಿಯಬೇಕು. ಆಗಿನ ಮೂಗ್ ಯಂತ್ರ ಒಂದು ಸಲಕ್ಕೆ ಒಂದೇ ಸ್ವರವನ್ನು ನುಡಿಯುತ್ತಿತ್ತು. 1968ರಲ್ಲಿ ಅವರು ಬಾಖ್‌ನ ಕೃತಿಗಳನ್ನು ಮುದ್ರಿಸಿದಾಗ ಪ್ರತಿಯೊಂದು ಸ್ವರಪಂಕ್ತಿಯನ್ನೂ ಬೇರೆಬೇರೆಯಾಗಿ ನುಡಿಸಿ, ಟೇಪಿನ ಮೇಲೆ ಒಂದರ ಪಕ್ಕಕ್ಕೊಂದನ್ನು ಜೋಡಿಸಬೇಕಾಯಿತು. ಕಂಬಳಿ ನೇಯುವವರ ತಾಳ್ಮೆ ಅದು.

ಅವರ ನಂತರ ಬಂದವರಲ್ಲಿ ನನಗೆ ಅತ್ಯಂತ ಪ್ರಿಯರಾದವರು ಜರ್ಮನಿಯ ಡ್ಯೂಸೆಲ್‌ಡಾರ್ಫ್ ನಗರದ ಕ್ರಾಫ್ಟ್‌ವೆರ್ಕ್ ತಂಡದವರು. ರಾಲ್ಫ್ ಹ್ಯೂಟರ್ ಮತ್ತು ಫ್ಲೋರಿಯನ್ ಷ್ನೈಡರ್ 1970ರಲ್ಲಿ ಕಟ್ಟಿದ ಈ ತಂಡದ ಹೆಸರಿನ ಅರ್ಥ ವಿದ್ಯುತ್ ಸ್ಥಾವರ. 1974ರ ‘ಆಟೋಬಾನ್’ ಕೃತಿ ಸಂಗೀತದಿಂದ ಮೊದಲಾಗುವುದಿಲ್ಲ. ಕಾರಿನ ಬಾಗಿಲು ಮುಚ್ಚುತ್ತದೆ, ಇಂಜಿನು ಚಾಲೂ ಆಗುತ್ತದೆ, ಹಾರನ್ ಕೂಗುತ್ತದೆ, ಬಳಿಕ ಸುಮಾರು 22 ನಿಮಿಷಗಳ ಪ್ರಯಾಣ. 1977ರ ‘ಟ್ರಾನ್ಸ್ ಯುರೋಪ್ ಎಕ್ಸ್‌ಪ್ರೆಸ್’ನಲ್ಲಿ ತಾಳವೆಂದರೆ ರೈಲಿನ ಗಾಲಿಗಳೇ. ಇವರ ಕಚೇರಿಗಳಲ್ಲಿ ಕಲಾವಿದರು ಕಾಣಿಸಿಕೊಳ್ಳುವ ಮುನ್ನ ಯಂತ್ರಕಂಠವೊಂದು ಸಭಿಕರನ್ನು ಸ್ವಾಗತಿಸುವ ಪದ್ಧತಿಯಿದೆ. ಆ ಕಂಠದಲ್ಲಿ ವಿನಯವೂ ಇಲ್ಲ, ಗರ್ವವೂ ಇಲ್ಲ. ನಮ್ಮ ನಿರೂಪಕರಿಗೆ ಇದರಿಂದ ಕಲಿಯಬೇಕಾದದ್ದು ಬಹಳವಿದೆ.

ಬರ್ಲಿನ್ನಿನ ಟ್ಯಾಂಜರೀನ್ ಡ್ರೀಮ್ ತಂಡ 1974ರ ‘ಫೀಡ್ರಾ’ದಲ್ಲಿ ಸೀಕ್ವೆನ್ಸರ್ ಎಂಬ ಉಪಕರಣದಿಂದ ಕೆಲವೇ ಸ್ವರಗಳನ್ನು ಮತ್ತೆ ಮತ್ತೆ ಆವರ್ತಿಸಿತು. ಯಂತ್ರ ಬಿಸಿಯಾದಂತೆಲ್ಲ ಶ್ರುತಿ ಸರಿಯತೊಡಗಿದ್ದು ಆ ಮುದ್ರಣದಲ್ಲಿ ಹಾಗೆಯೇ ಉಳಿದಿದೆ. ನನಗಂತೂ ಅದೇ ಅದರ ಜೀವವೆನಿಸುತ್ತದೆ. ಫ್ರಾನ್ಸಿನ ಝಾಂ ಮಿಶೆಲ್ ಝಾರ್ 1976ರಲ್ಲಿ ತನ್ನ ಮನೆಯಲ್ಲಿಯೇ ‘ಆಕ್ಸಿಜೆನ್’ ಕೃತಿಯನ್ನು ಮುದ್ರಿಸಿ, ಮೂರು ವರ್ಷಗಳ ತರುವಾಯ ಪ್ಯಾರಿಸಿನ ಚೌಕದಲ್ಲಿ ಸುಮಾರು ಹತ್ತು ಲಕ್ಷ ಜನರೆದುರು ನುಡಿಸಿದನು.

ಇವರ ಶೈಲಿಯಲ್ಲಿ ರಚಿಸುವುದೆಂದರೇನು? ಇಲ್ಲಿಯೇ ನಮ್ಮ ಗೆಳೆಯರು ದಾರಿ ತಪ್ಪುತ್ತಾರೆ. ಕಂಪ್ಯೂಟರಿನ ತಂತ್ರಾಂಶಗಳಲ್ಲಿ ಈ ಮಹನೀಯರ ಧ್ವನಿಗಳು ಸಿದ್ಧವಾಗಿಯೇ ದೊರೆಯುತ್ತವೆ. ಗುಂಡಿ ಒತ್ತಿದರೆ ಝಾರ್, ಇನ್ನೊಂದು ಒತ್ತಿದರೆ ಕ್ರಾಫ್ಟ್‌ವೆರ್ಕ್. ಈಚೆಗಂತೂ ಒಂದು ಸಾಲು ಬರೆದುಕೊಟ್ಟರೆ ಪೂರ್ತಿ ಸಂಗೀತವನ್ನೇ ಹೆಣೆದುಕೊಡುವ ಕೃತಕ ಬುದ್ಧಿಯೂ ಬಂದಿದೆ. ಇವುಗಳಿಂದ ಬರುವುದು ಅವರ ಅಂಗಿ, ಅವರ ನಡಿಗೆಯಲ್ಲ. ಅವರ ನಡಿಗೆಯೆಂದರೆ ಮಿತವ್ಯಯ. ಅವರ ಬಳಿ ಧ್ವನಿಗಳು ಕಡಮೆಯಿದ್ದುವು. ಆದ್ದರಿಂದ ಒಂದೊಂದನ್ನೂ ತಿದ್ದಿ ತೀಡಿ, ಹೊತ್ತು ನೋಡಿ ಹೊರಗೆ ಬಿಡುತ್ತಿದ್ದರು.

ನಾನು ಕಂಡುಕೊಂಡ ರೀತಿಯನ್ನು ಹೇಳುತ್ತೇನೆ. ಮೊದಲು ಒಂದು ಮಂದ್ರಸ್ವರ ಬೇಕು. ಅದನ್ನು ಫಿಲ್ಟರಿನ ಮೂಲಕ ಹಾಯಿಸಬೇಕು. ಫಿಲ್ಟರೆಂದರೆ ಜರಡಿಯಂತೆ, ಸ್ವರದ ತಳವನ್ನು ಬಿಟ್ಟು ಮೇಲಿನ ಹೊಳಪನ್ನು ತಡೆಯುತ್ತದೆ. ಈ ಜರಡಿಯನ್ನು ನಿಮಿಷವಿಡೀ ಎಷ್ಟು ನಿಧಾನವಾಗಿ ತೆರೆಯಬೇಕೆಂದರೆ, ಸದ್ದು ಬೆಳೆಯುತ್ತಿದೆಯೆಂದು ಯಾರಿಗೂ ಗೊತ್ತಾಗದೆ, ಬೆಳೆದಿದೆಯೆಂದು ಮಾತ್ರ ಗೊತ್ತಾಗಬೇಕು. ಆಮೇಲೆ ಎಂಟು ಸ್ವರಗಳ ಒಂದು ಆವರ್ತ. ನಾಲ್ಕು ಸುತ್ತು ಕಳೆಯುವವರೆಗೆ ಅದರಲ್ಲಿ ಏನನ್ನೂ ಬದಲಿಸಬಾರದು. ಐದನೆಯ ಸುತ್ತಿನಲ್ಲಿ ಒಂದೇ ಒಂದು ಸ್ವರವನ್ನು ಬದಲಿಸಬೇಕು. ತಾಳ ಕಡೆಯಲ್ಲಿ ಬರಲಿ. ಪಾತ್ರಧಾರಿ ಕಾಲಿಡುವ ಮುನ್ನ ಎಲ್ಲವೂ ಒಂದು ಉಸಿರಿನಷ್ಟು ಹೊತ್ತು ನಿಂತುಬಿಡಬೇಕು. ಆ ನಿಶ್ಶಬ್ದವೇ ಬಾಗಿಲು. ಅಲನ್ ಪಾರ್ಸನ್ಸ್ ಪ್ರಾಜೆಕ್ಟ್‌ನವರ 1982ರ ‘ಸಿರಿಯಸ್’ ಈ ಕಟ್ಟಡಕ್ಕೆ ಒಳ್ಳೆಯ ನಿದರ್ಶನ. ಷಿಕಾಗೋ ಬುಲ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಆಟಗಾರರನ್ನು ಅಂಕಣಕ್ಕೆ ಕರೆಯಲು ಅದನ್ನೇ ಬಳಸಿದರು. ಕತ್ತಲೆಯಲ್ಲಿ ಆ ಆವರ್ತ ಮೊದಲಾಯಿತೆಂದರೆ ಎದುರಾಳಿಗಳ ಗತಿ ಏನಾಗುತ್ತಿದ್ದಿರಬೇಕು!

ಇದೆಲ್ಲ ಪರದೇಶದ ಯಂತ್ರಗಳ ಗದ್ದಲ, ನಮಗೇಕೆ ಎಂದು ಆಕ್ಷೇಪಿಸುವವರಿಗೆ ಎರಡು ಸಂಗತಿಗಳನ್ನು ಅರಿಕೆ ಮಾಡುತ್ತೇನೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿಯೇ ಮೂಗ್ ಯಂತ್ರವನ್ನು ಸ್ಥಾಪಿಸಲಾಯಿತು; ಗೀತಾ ಸಾರಾಭಾಯಿ ಮೊದಲಾದವರು ಅದರಲ್ಲಿ ಕೆಲಸ ಮಾಡಿದರು. ಆ ಟೇಪುಗಳು ಎಲ್ಲರ ಕಿವಿಗೂ ಬಿದ್ದದ್ದು 2023ರಲ್ಲಿ. ಮುಂಬಯಿಯ ಚರಣಜಿತ್ ಸಿಂಗ್ ಎಂಬ ಚಿತ್ರಸಂಗೀತದ ವಾದ್ಯಗಾರರು 1982ರಲ್ಲಿ ರೋಲೆಂಡ್ ಯಂತ್ರಗಳ ಮೇಲೆ ಹತ್ತು ರಾಗಗಳನ್ನು ನುಡಿಸಿ ಮುದ್ರಿಸಿದರು. ಆಗ ಅದನ್ನು ಕೇಳಿದವರು ವಿರಳ. 2010ರಲ್ಲಿ ಮರುಮುದ್ರಣವಾದ ಮೇಲೆ ಲೋಕವೇ ಬೆರಗಾಯಿತು. ಬೆಂಗಳೂರಿನಲ್ಲಿ ತಯಾರಾಗುವ ವಿದ್ಯುತ್ ತಂಬೂರಿಯನ್ನು ಕಚೇರಿಗಳಲ್ಲಿ ಕಂಡಾಗ ಯಾವ ರಸಿಕರೂ ಎದ್ದುಹೋಗುವುದಿಲ್ಲವಷ್ಟೆ?

ಎರಡನೆಯ ಆಕ್ಷೇಪ ಇದಕ್ಕಿಂತ ತೂಕದ್ದು. ಯಂತ್ರ ಬಂದರೆ ವಾದ್ಯದವನ ಅನ್ನ ಹೋಗುತ್ತದೆ. ಈ ಮಾತನ್ನು ನಾನು ಪುಸ್ತಕದಲ್ಲಿ ಓದಿದ್ದಲ್ಲ, ಮನೆಯಲ್ಲಿ ಕೇಳಿದ್ದು. ನಮ್ಮ ಅಪ್ಪ ಬೀರಪ್ಪನ ಜಾತ್ರೆಯಲ್ಲಿ ಡೊಳ್ಳು ಬಾರಿಸುವವರು. ನಮ್ಮ ವಂಶದಲ್ಲಿ ಬಿ.ಎ. ತರಗತಿಯ ಮುಖ ಕಂಡವನು ನಾನೇ ಮೊದಲಿಗ. ಸುತ್ತಲಿನ ಮದುವೆಗಳಿಗೆ ಡಿ.ಜೆ. ಪೆಟ್ಟಿಗೆಗಳು ಬಂದಮೇಲೆ ಅಪ್ಪನ ಮೇಳಕ್ಕೆ ಕರೆ ಕಡಮೆಯಾಗಿದೆ. “ನೀನೂ ಆ ಪೆಟ್ಟಿಗೆಯವರ ಕಡೆಗೇ ಹೋದೆಯೇನಪ್ಪ?” ಎಂದು ಅವರು ಒಮ್ಮೆ ಕೇಳಿದಾಗ ನಗುತ್ತಲೇ ಕೇಳಿದರು, ಆದರೆ ಕೇಳಿದರು. ನನ್ನ ಉತ್ತರ ಇಷ್ಟು: ಅಪ್ಪನ ಕೆಲಸವನ್ನು ಕಸಿದದ್ದು ಸಂಗೀತ ರಚಿಸಿದ ಯಂತ್ರವಲ್ಲ, ಯಾರೋ ರಚಿಸಿದ್ದನ್ನು ಅಗ್ಗವಾಗಿ ಊರೂರಿಗೆ ಹೊತ್ತು ತರುವ ಯಂತ್ರ. ಇವೆರಡೂ ಒಂದೇ ತಂತಿಗೆ ಜೋಡಿಸಲ್ಪಟ್ಟಿದ್ದರೂ ಒಂದೇ ಅಲ್ಲ. ಅಪ್ಪ ಈ ಉತ್ತರವನ್ನು ಪೂರ್ತಿ ಒಪ್ಪಿದ್ದಾರೆಂದು ಹೇಳಲಾರೆ.

ಸಂಗೀತಶಾಲೆಯ ಫೀಜು ಕೊಡಲಾಗದ, ಪಿಟೀಲು ಕೊಳ್ಳಲಾಗದ ನನ್ನಂಥವರಿಗೆ ಕಾಸಿಲ್ಲದೆ ದೊರೆಯುವ ಎಲ್‌ಎಂಎಂಎಸ್ ಎಂಬ ತಂತ್ರಾಂಶವೂ ಕಂಪ್ಯೂಟರ್ ಪ್ರಯೋಗಾಲಯದ ಒಂದು ಗಂಟೆಯೂ ತೆರೆದ ಬಾಗಿಲನ್ನು ಮುಚ್ಚಿರೆಂದು ಹೇಳುವವರು, ಮೊದಲು ಇನ್ನೊಂದು ಬಾಗಿಲನ್ನು ತೋರಿಸಬೇಕು.

ವಿದ್ಯಾರ್ಥಿ ಸಂಘದ ಪದಾಧಿಕಾರಿಗಳಲ್ಲಿ ನನ್ನ ವಿಜ್ಞಾಪನೆ ಹೀಗಿದೆ. ಮುಂದಿನ ವಾರ್ಷಿಕೋತ್ಸವದ ಧ್ವನಿವರ್ಧಕದ ಬಾಬಿನಲ್ಲಿ ಒಂದು ಪಾಲನ್ನು ತೆಗೆದು, ಊರಿನ ವಾದ್ಯದವರೊಬ್ಬರನ್ನು ಸಂಭಾವನೆ ಕೊಟ್ಟು ಕರೆಸಬೇಕು. ಅವರ ಪೆಟ್ಟುಗಳನ್ನು ಮುದ್ರಿಸಿಕೊಂಡು ಯಂತ್ರದ ಆವರ್ತದೊಳಗೆ ಕೂಡಿಸಬೇಕು; ಅಂದಿನ ಸಭೆಯಲ್ಲಿ ಅವರೂ ಖುದ್ದಾಗಿ ಅದರೊಡನೆ ನುಡಿಸಬೇಕು. ಮುದ್ರಿಸಿದ್ದಕ್ಕೆ ಬೇರೆ, ನುಡಿಸಿದ್ದಕ್ಕೆ ಬೇರೆ ಹಣ ಸಲ್ಲಬೇಕು. ಅತಿಥಿಗಳಿಗೆ ನಾದಸ್ವರ ಹೇಗೂ ಇದ್ದೇ ಇದೆ. ಈ ಹೊಸ ಸಂಗೀತ ನಾಟಕದವರಿಗಲ್ಲದೆ, ಬಹುಮಾನ ಪಡೆಯಲು ಮೆಟ್ಟಿಲೇರುವ ವಿದ್ಯಾರ್ಥಿಗಳಿಗೂ ಇರಲಿ. ಅವರಲ್ಲಿ ಅನೇಕರ ಮನೆಯವರು ಸಭಾಂಗಣದ ಹಿಂದಿನ ಬೆಂಚಿನಲ್ಲಿ ಕುಳಿತು, ಮಗಳ ಹೆಸರನ್ನು ಮೈಕಿನಲ್ಲಿ ಮೊದಲ ಬಾರಿ ಕೇಳುವವರು.

ಕೃತಿಯ ಮೊದಲ ಸದ್ದನ್ನು ಆಗಲೇ ಆರಿಸಿದ್ದೇನೆ. ನಮ್ಮ ರಂಗದ ಪರದೆಯ ರಾಟೆ ಎಳೆದಾಗಲೆಲ್ಲ ಕಿರಗುಟ್ಟುವುದು ಎಲ್ಲರಿಗೂ ತಿಳಿದ ಸಂಗತಿ. ಡ್ಯೂಸೆಲ್‌ಡಾರ್ಫಿನವರಿಗೆ ಕಾರಿನ ಬಾಗಿಲಿದ್ದಂತೆ ನಮಗೆ ಈ ರಾಟೆ. ಅಟೆಂಡರ್ ಅಣ್ಣನವರು ಬೇಸಿಗೆ ರಜದಲ್ಲಿ ಅದಕ್ಕೆ ಎಣ್ಣೆ ಹಾಕುವುದಾಗಿ ಹೇಳುತ್ತಿದ್ದಾರೆ. ಮುದ್ರಣ ಮುಗಿಯುವವರೆಗೆ ಕೈತಡೆಯಬೇಕೆಂದು ಅವರನ್ನು ಕೇಳಿಕೊಂಡಿದ್ದೇನೆ.