ಕೇಳಿ ಪಡೆಯುವವರಿಗೆ ಕಳುಹಿಸುವ ಪತ್ರಕ್ಕೂ ಬಾಗಿಲು ಮುಚ್ಚಬೇಕೇ?



ಕಾರ್ಮಿಕರ ಪತ್ರಿಕೆಯೊಂದು ತನ್ನ ಓದುಗರ ಕೈಗೆ ತಲಪುವುದು ಎಂದೂ ಸುಲಭದ ಮಾತಾಗಿರಲಿಲ್ಲ. ಆದರೂ ಅಂಚೆಯ ಕಾಲದಲ್ಲಿ ಒಂದು ಕ್ರಮವಿತ್ತು. 1898ರ ಅಂಚೆ ಕಚೇರಿ ಕಾಯ್ದೆಯ ಪ್ರಕಾರ ಪತ್ರಿಕೆಯನ್ನು ನೋಂದಾಯಿಸಿ, ಆ ಸಂಖ್ಯೆಯನ್ನು ಪ್ರತಿಯ ಮೇಲೆ ಅಚ್ಚು ಹಾಕಿಸಿ, ಗೊತ್ತುಮಾಡಿದ ಕಚೇರಿಯಲ್ಲಿ ಕಟ್ಟನ್ನು ಒಪ್ಪಿಸಿದರೆ ಅದು ರಿಯಾಯಿತಿ ದರದಲ್ಲಿ ಊರೂರಿಗೆ ಹೋಗುತ್ತಿತ್ತು. ನೀವು ಯಾರು, ಏನನ್ನು ಕಳುಹಿಸುತ್ತೀರಿ ಎಂದು ಇಲಾಖೆ ಮೊದಲೇ ಕೇಳುತ್ತಿತ್ತು. ಒಮ್ಮೆ ಒಪ್ಪಿಕೊಂಡ ಮೇಲೆ, ಕಟ್ಟು ದೊಡ್ಡದಾಯಿತೆಂದು ಯಾರೂ ಅದನ್ನು ಮೂಲೆಗೆ ಎಸೆಯುತ್ತಿರಲಿಲ್ಲ. ಆ ಹಳೆಯ ಕಾಯ್ದೆಯ ಸ್ಥಾನದಲ್ಲಿ 2023ರ ಹೊಸ ಕಾಯ್ದೆ 2024ರ ಜೂನ್ 18ರಂದು ಜಾರಿಗೆ ಬಂದಿತು. ಅಷ್ಟರೊಳಗೆ ನಮ್ಮ ಪತ್ರವ್ಯವಹಾರ ಬಹುಮಟ್ಟಿಗೆ ಇ-ಮೇಲಿಗೆ ಸಾಗಿಹೋಗಿತ್ತು. ಇ-ಮೇಲಿಗೆ ಅಂಥ ಕಚೇರಿಯೂ ಇಲ್ಲ, ಕಟ್ಟನ್ನು ಒಪ್ಪಿಸಿಕೊಂಡು ರಸೀತಿ ಕೊಡುವ ಕೈಯೂ ಇಲ್ಲ.

ತುಡಿಯಲೂರಿನಲ್ಲಿ ಕುಳಿತು ನಾವು ಈ ಮಾತನ್ನು ಬರೆಯಲು ಕಾರಣವಿದೆ. ನಮ್ಮ ಓದುಗರು ಕೊಯಮತ್ತೂರಿನ ಮಿಲ್ಲುಗಳಲ್ಲಿ, ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ, ಫೌಂಡ್ರಿಗಳಲ್ಲಿ ದುಡಿಯುವವರು. ಕೆಲವರು ಕೊಲ್ಲಿ ದೇಶಗಳಿಗೂ ಹೋಗಿದ್ದಾರೆ. ಮನೆಯಲ್ಲಿ ಕನ್ನಡ ಆಡಿದರೂ ತಮಿಳನ್ನೇ ಓದಿ ಬೆಳೆದ ಮಕ್ಕಳಿಗೆ ಅಪ್ಪನೋ ಅಜ್ಜಿಯೋ ಈ ಪುಟಗಳನ್ನು ಓದಿ ಹೇಳುವುದುಂಟು. ಇವರೆಲ್ಲರ ವಿಳಾಸ ಕೂಡಿದರೆ ಸಾವಿರಕ್ಕೆ ಮೇಲೆ ಹೋಗುತ್ತದೆ. “ವಾಟ್ಸಾಪ್ ಗುಂಪು ಮಾಡಿಬಿಡಿ, ಮುಗಿಯಿತು” ಎಂದು ಹಲವರು ಸಲಹೆ ಕೊಡುತ್ತಾರೆ. ಆದರೆ ಗುಂಪಿನಲ್ಲಿ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುತ್ತದೆ. ಹೊಲಿಗೆ ಘಟಕದ ಹೆಣ್ಣುಮಗಳೊಬ್ಬಳು ಕಾರ್ಮಿಕ ಕೂಟದ ಪತ್ರಿಕೆ ತರಿಸುತ್ತಾಳೆ ಎಂಬುದು ಅವಳ ಸೂಪರ್‌ವೈಸರನಿಗೆ ಏಕೆ ತಿಳಿಯಬೇಕು? ಬೇರೆ ಬೇರೆಯಾಗಿ ಕಳುಹಿಸಿದ ಇ-ಮೇಲು ಲಕೋಟೆಯಿದ್ದ ಹಾಗೆ. ಅದು ಯಾರ ಹೆಸರಿಗೆ ಬಂದಿದೆಯೋ ಅವರಿಗಷ್ಟೇ ಗೊತ್ತು.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಪ್ರತಿಯೊಬ್ಬ ಕೆಲಸಗಾರನಿಗೂ ನೇಮಕ ಪತ್ರ ಕೊಡಬೇಕೆಂಬ ವಿಧಿಯೂ ಅವುಗಳಲ್ಲಿ ಸೇರಿದೆ. ಇದನ್ನು ತಿಳಿಗನ್ನಡದಲ್ಲಿ ವಿವರಿಸಿ ನಮ್ಮ ಪಟ್ಟಿಗೆ ಕಳುಹಿಸಿದೆವು. ಅರ್ಧ ದಾರಿಯಲ್ಲಿ ನಮ್ಮ ಖಾತೆ ನಿಂತಿತು. ವೆಬ್‌ಸೈಟಿಗೂ ಮೇಲಿಗೂ ಜಾಗ ಬಾಡಿಗೆ ಕೊಡುವ ಕಂಪನಿಯನ್ನು ಹೋಸ್ಟಿಂಗ್ ಕಂಪನಿ ಎನ್ನುತ್ತಾರೆ. ನಾವು ವರ್ಷದ ಹಣವನ್ನು ಮುಂಗಡ ಕಟ್ಟಿದ್ದ ಅಂಥ ಕಂಪನಿಯೊಂದು, “ಅನುಚಿತ ಬಳಕೆ” ಎಂಬ ಎರಡು ಪದಗಳ ಕಾರಣ ಕೊಟ್ಟು ಸುಮ್ಮನಾಯಿತು. ಗಂಟೆಗೆ ಎಷ್ಟು ಪತ್ರ ಕಳುಹಿಸಬಹುದೆಂಬ ಲೆಕ್ಕ ಅವರ ಜಾಹೀರಾತಿನಲ್ಲಿ ಇರಲಿಲ್ಲ. “ಅಪರಿಮಿತ” ಎಂಬ ಮಾತು ಮಾತ್ರ ದಪ್ಪಕ್ಷರದಲ್ಲಿತ್ತು.

ಆದರೂ ಕಂಪನಿಗಳ ಪಕ್ಷದ ಮಾತನ್ನೂ ನ್ಯಾಯವಾಗಿ ಹೇಳಬೇಕು. ಕೇಳದವರಿಗೆ ರಾಶಿ ಪತ್ರ ಕಳುಹಿಸುವ ಚಾಳಿ ಇಂದಿನದಲ್ಲ. 1978ರ ಮೇ 3ರಂದು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಗ್ಯಾರಿ ಥ್ಯುರ್ಕ್ ಎಂಬಾತ ತನ್ನ ಕಂಪ್ಯೂಟರುಗಳ ಪ್ರಚಾರವನ್ನು ಆರ್ಪಾನೆಟ್ ಜಾಲದ ಸುಮಾರು 400 ಜನರಿಗೆ ಒಂದೇ ಏಟಿಗೆ ಕಳುಹಿಸಿದ. ಅಂದಿನಿಂದ ಈ ಹೊಳೆ ನಿಂತಿಲ್ಲ. ಕಡಿಮೆ ಬೆಲೆಯ ಹೋಸ್ಟಿಂಗಿನಲ್ಲಿ ನೂರಾರು ಗಿರಾಕಿಗಳು ಒಂದೇ ಯಂತ್ರದಲ್ಲಿ, ಒಂದೇ ಜಾಲ ವಿಳಾಸದಲ್ಲಿ ವಠಾರದ ಬಾಡಿಗೆದಾರರಂತೆ ಇರುತ್ತಾರೆ. ಅವರಲ್ಲಿ ಒಬ್ಬ ಮೋಸದ ಪತ್ರ ಹಾರಿಸಿದರೆ, 1998ರಲ್ಲಿ ಸ್ಥಾಪನೆಯಾದ ಸ್ಪ್ಯಾಮ್‌ಹೌಸ್‌ನಂಥ ಸಂಸ್ಥೆಗಳು ಆ ವಿಳಾಸವನ್ನೇ ಕಪ್ಪುಪಟ್ಟಿಗೆ ಸೇರಿಸುತ್ತವೆ. ಆಗ ವಠಾರದ ಎಲ್ಲರ ಪತ್ರವೂ ನಿಲ್ಲುತ್ತದೆ. ಆದಕಾರಣ ಕಂಪನಿಯವರು ಹೆದರುತ್ತಾರೆ. ಆದರೆ ಹಣಜಿಯನ್ನು ಕೀಳುವ ಅವಸರದಲ್ಲಿ ಗೋದಿಯೂ ಕಿತ್ತುಬರುತ್ತದೆಂಬ ಸಾಮ್ಯವನ್ನು ನಮ್ಮ ಓದುಗರಿಗೆ ನೆನಪಿಸಬೇಕಾಗಿಲ್ಲ.

ನಮ್ಮ ದೇಶದಲ್ಲಿ ಅನಪೇಕ್ಷಿತ ಇ-ಮೇಲಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ವಿಧಿಯಲ್ಲಿ ಕಿರಿಕಿರಿ ಮಾಡುವ ಇ-ಮೇಲಿನ ಪ್ರಸ್ತಾಪವಿತ್ತು. ಮಾತಿನ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟು ಆ ವಿಧಿಯನ್ನು 2015ರ ಮಾರ್ಚ್ 24ರಂದು ರದ್ದು ಮಾಡಿತು. ಅದು ಸರಿಯಾದ ತೀರ್ಪೇ. ಹೀಗಿರುವಲ್ಲಿ ನಿಯಮ ಮಾಡುವವರು ದೊಡ್ಡ ಕಂಪನಿಗಳೇ ಆಗಿದ್ದಾರೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಕಳುಹಿಸುವವರ ಮೇಲೆ ಹೊಸ ಷರತ್ತುಗಳನ್ನು ಹಾಕಿದವು. ಜಿಮೇಲಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳುಹಿಸುವವರು ಮೂರು ಗುರುತುಗಳನ್ನು ಇಟ್ಟುಕೊಳ್ಳಬೇಕು. ನಮ್ಮ ಹೆಸರಿನಲ್ಲಿ ಯಾವ ಯಂತ್ರಗಳು ಪತ್ರ ಕಳುಹಿಸಬಹುದೆಂದು ಸಾರುವ ಪಟ್ಟಿ ಎಸ್‌ಪಿಎಫ್. ಪತ್ರದ ಮೇಲೆ ಒತ್ತುವ ಮುದ್ರೆ ಡಿಕಿಮ್. ಪಟ್ಟಿ, ಮುದ್ರೆ ಹೊಂದದಿದ್ದರೆ ಏನು ಮಾಡಬೇಕೆಂಬ ಸೂಚನೆ ಡಿಮಾರ್ಕ್. ಪ್ರಚಾರ ಪತ್ರವಾದರೆ ಒಂದೇ ಒತ್ತಿಗೆ ಪಟ್ಟಿಯಿಂದ ಹೊರಬರುವ ಗುಂಡಿಯೂ ಬೇಕು. ಚಿಕ್ಕವರಿಗೂ ಕನಿಷ್ಠ ಒಂದು ಗುರುತು ಕಡ್ಡಾಯ. ಓದುಗರು “ಸ್ಪ್ಯಾಮ್” ಎಂದು ದೂರುವ ಪ್ರಮಾಣ ಎಲ್ಲರಿಗೂ ಶೇಕಡಾ 0.3ಕ್ಕಿಂತ ಕೆಳಗಿರಬೇಕು. ಅಂದರೆ ಸಾವಿರ ಪತ್ರಗಳಲ್ಲಿ ಮೂವರು ಬೇಸರದಿಂದ ಆ ಗುಂಡಿ ಒತ್ತಿದರೆ ಸಾಕು, ಉಳಿದವರೆಲ್ಲರ ಪತ್ರಕ್ಕೂ ಕುತ್ತು.

ಈ ಷರತ್ತುಗಳು ಅನ್ಯಾಯವೆಂದು ನಾವು ಹೇಳುವುದಿಲ್ಲ. ಮೊದಲೇ ತಿಳಿಸಿದ ನಿಯಮದೊಡನೆ ಬಾಳಬಹುದು. ನಮ್ಮ ತಕರಾರು ತಿಳಿಸದ ನಿಯಮದ ಮೇಲೆ.

ಹಾಗಾದರೆ ಯಾರ ಬಾಗಿಲು ತಟ್ಟಬೇಕು? ಸ್ವಂತ ಸರ್ವರು ಹಾಕಿಕೊಳ್ಳೋಣವೆಂದರೆ, ಗೂಗಲ್ ಕ್ಲೌಡ್, ಡಿಜಿಟಲ್ ಓಷನ್ ಮುಂತಾದವರು ಮೇಲು ಹೊರಹೋಗುವ 25ನೇ ಪೋರ್ಟನ್ನೇ ಮುಚ್ಚಿಟ್ಟಿದ್ದಾರೆ. ಸಾಧಾರಣ ಜಿಮೇಲಿನಿಂದ ದಿನಕ್ಕೆ 500 ಜನರಿಗಷ್ಟೇ ಕಳುಹಿಸಬಹುದು. ಆದುದರಿಂದ ವೆಬ್‌ಸೈಟಿನ ಜಾಗವೇ ಬೇರೆ, ಪತ್ರ ಸಾಗಿಸುವ ಸೇವೆಯೇ ಬೇರೆ ಎಂದು ಇಟ್ಟುಕೊಳ್ಳುವುದೇ ಸರಿಯೆಂದು ನಮ್ಮ ಅಭಿಪ್ರಾಯ. ಅಮೆಜಾನಿನ ಎಸ್‌ಇಎಸ್ ಎಂಬ ಸೇವೆ ಸಾವಿರ ಪತ್ರಕ್ಕೆ 10 ಸೆಂಟು ದರ ಹಾಕುತ್ತದೆ, ಎಂದರೆ ಒಂದು ಚಹಾದ ಬೆಲೆ. ಆದರೆ ಹೊಸಬರನ್ನು ಮೊದಲು ದಿನಕ್ಕೆ 200 ಪತ್ರಗಳ ಕಟ್ಟೆಯೊಳಗೆ ಇಟ್ಟು, ಏನು ಕಳುಹಿಸುತ್ತೀರಿ, ಪಟ್ಟಿ ಹೇಗೆ ಬಂತು, ದೂರು ಬಂದರೆ ಏನು ಮಾಡುತ್ತೀರಿ ಎಂದು ವಿಚಾರಿಸಿದ ಮೇಲೆಯೇ ಹೊರಗೆ ಬಿಡುತ್ತದೆ. ಚೆನ್ನೈ ಮೂಲದ ಜೋಹೋ ಕಂಪನಿಯಲ್ಲಿ ಎರಡು ಬಾಗಿಲುಗಳಿವೆ. ಜೆಪ್ಟೋಮೇಲ್ ರಸೀತಿ, ಪಾಸ್‌ವರ್ಡ್‌ನಂಥ ವ್ಯವಹಾರದ ಪತ್ರಗಳಿಗೆ ಮಾತ್ರ. ಸುದ್ದಿಪತ್ರಕ್ಕೆ ಕ್ಯಾಂಪೇನ್ಸ್ ಎಂಬ ಬೇರೆ ಸೇವೆ. ಬಾಗಿಲು ತಪ್ಪಿ ತಟ್ಟಿದವರು ಕಂಪನಿಯನ್ನು ಬೈದು ಫಲವಿಲ್ಲ. ಪಟ್ಟಿಯನ್ನು ನೋಡಿಕೊಳ್ಳಲು ಬೆಂಗಳೂರಿನ ಕೈಲಾಶ್ ನಾಧ್ ಅವರು ಆರಂಭಿಸಿದ ಲಿಸ್ಟ್‌ಮಾಂಕ್ ಎಂಬ ತಂತ್ರಾಂಶ ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ. ಅದನ್ನು ನಮ್ಮ ಯಂತ್ರದಲ್ಲೇ ಇಟ್ಟುಕೊಂಡರೆ, ಕಾರ್ಮಿಕರ ಹೆಸರು ಪಟ್ಟಿ ನಮ್ಮ ಕೈಯಲ್ಲೇ ಉಳಿಯುತ್ತದೆ. ಸಾಗಿಸುವವರಿಗೆ ಲಕೋಟೆಯಷ್ಟೇ ಹೋಗುತ್ತದೆ.

ಕೂಟಗಳನ್ನೂ ಸಂಘಗಳನ್ನೂ ನಡೆಸುವ ಸಹೋದರ ಸಹೋದರಿಯರಿಗೆ ಒಂದು ಮಾತು. ಪ್ರಶ್ನೆ ಕೇಳದೆ ಹಣ ಪಡೆಯುವ ಕಂಪನಿಯನ್ನು ನಂಬಬೇಡಿರಿ. ನಿಮ್ಮನ್ನು ಕೇಳದವನು ನಿಮ್ಮ ನೆರೆಯ ವಂಚಕನನ್ನೂ ಕೇಳಿರುವುದಿಲ್ಲ. ಗಂಟೆಗೆ ಎಷ್ಟು, ದಿನಕ್ಕೆ ಎಷ್ಟು, ನಿಲ್ಲಿಸುವ ಮುನ್ನ ನೋಟೀಸು ಕೊಡುವಿರೋ, ಉತ್ತರ ಹೇಳಲು ಮನುಷ್ಯನಿದ್ದಾನೋ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಕೆಲಸಗಾರನನ್ನು ಕಾರಣ ಹೇಳದೆ ಗೇಟಿನ ಹೊರಗೆ ನಿಲ್ಲಿಸುವುದನ್ನು ನಾವು ಒಪ್ಪುವುದಿಲ್ಲ. ಹಣ ಕಟ್ಟಿದ ಗಿರಾಕಿಯ ವಿಷಯದಲ್ಲಿಯೂ ಅದೇ ನ್ಯಾಯ ಬೇಕು. ಹೋಸ್ಟಿಂಗ್ ಕಂಪನಿಗಳು ತಮ್ಮ ಮಿತಿಯನ್ನು ಜಾಹೀರಾತಿನಲ್ಲೇ ಅಂಕಿಯಲ್ಲಿ ಬರೆಯಬೇಕೆಂದೂ, ಖಾತೆ ನಿಲ್ಲಿಸುವ ಮುನ್ನ ಗಿರಾಕಿಯ ಮಾತು ಕೇಳಬೇಕೆಂದೂ ನಾವು ಒತ್ತಾಯಿಸುತ್ತೇವೆ. ಸಣ್ಣ ಪತ್ರಿಕೆಗಳವರು ಒಟ್ಟಾಗಿ ಕೇಳಿದರೆ ಇದು ಆಗದ ಕೆಲಸವಲ್ಲ.

ನಮ್ಮ ಕಡೆಯ ಹೊಣೆಯೂ ಇದೆ. ಇಷ್ಟು ಸಾವಿರ ವಿಳಾಸಗಳಿಗೆ ಇಷ್ಟು ರೂಪಾಯಿ ಎಂದು ಪಟ್ಟಿ ಮಾರುವವರು ಬರುತ್ತಾರೆ. ಒಳ್ಳೆಯ ಉದ್ದೇಶಕ್ಕೇ ಆದರೂ ಅಂಥ ಪಟ್ಟಿಯನ್ನು ಮುಟ್ಟಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂತೆಗೆದುಕೊಳ್ಳಲು ಸಾಧ್ಯವಾಗಬೇಕೆಂಬ ತತ್ವವಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಬೇಡವೆಂದವರನ್ನು ಬಿಟ್ಟುಬಿಡಲು ನಮಗೆ ಕಾಯ್ದೆಯ ಗಡುವು ಬೇಕಾಗಿಲ್ಲ.

ಮುಂದಿನ ಸಂಚಿಕೆಯಿಂದ ಇ-ಮೇಲು ಹೊಸ ಸೇವೆಯ ಮೂಲಕ ಬರುತ್ತದೆ. ಪುಟಗಳನ್ನು ಲಗತ್ತಿಸುವ ಬದಲು ಕೊಂಡಿಯನ್ನಷ್ಟೇ ಕಳುಹಿಸುತ್ತೇವೆ, ಪತ್ರ ಹಗುರವಾಗುತ್ತದೆ. ಬೇಕೆಂಬವರು “ಬೇಕು” ಎಂದು ಒಂದು ಸಾಲು ಮರಳಿ ಬರೆದು, ನಮ್ಮ ವಿಳಾಸವನ್ನು ತಮ್ಮ ಪಟ್ಟಿಗೆ ಸೇರಿಸಿಕೊಳ್ಳಬೇಕು. ಬಾರದಿದ್ದರೆ ಸ್ಪ್ಯಾಮ್ ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡಿರಿ. ಬೇಡವೆನಿಸಿದವರು ಪತ್ರದ ಅಡಿಯಲ್ಲಿ ಕನ್ನಡದಲ್ಲೇ ಇರುವ ಗುಂಡಿಯನ್ನು ಒತ್ತಿರಿ, ದೂರಿನ ಗುಂಡಿಯನ್ನಲ್ಲ. ಅಚ್ಚಿನ ಪ್ರತಿ ಎಂದಿನಂತೆ ಅಂಚೆಯಲ್ಲಿ ಬರುತ್ತದೆ.