ಇಲಿಯ ಪಾದ, ಅಮ್ಮನ ಮಂಡಿ

ಕಳೆದ ವಾರ ಶಿವಮೊಗ್ಗದಿಂದ ಅಮ್ಮನ ಫೋನು. "ಮಂಡಿನೋವಿಗೆ ಒಂದು ಪುಡಿ ಬಂದಿದೆಯಂತೆ, ಇಲಿ ಮೇಲೆ ಪರೀಕ್ಷೆ ಮಾಡಿದ್ದಾರಂತೆ. ಡಾಕ್ಟರ್ ಕೊಟ್ಟ ಮಾತ್ರೆ ಬಿಡ್ಲಾ?" ಪುಣೆಯಲ್ಲಿ ಕೂತು ಸಾಫ್ಟ್‌ವೇರ್ ಬರೆಯುವ ನಾನು ಆ ರಾತ್ರಿ ಇಲಿಗಳ ಹಿಂದೆ ಬಿದ್ದೆ.

1962ರಿಂದ ಬಳಕೆಯಲ್ಲಿರುವ ಪರೀಕ್ಷೆಯೊಂದಿದೆ. ಕೆಂಪು ಕಡಲಪಾಚಿಯಿಂದ ತೆಗೆದ ಕ್ಯಾರಜೀನನ್ ಎಂಬ ಪದಾರ್ಥವನ್ನು ಇಲಿಯ ಹಿಂಗಾಲಿನ ಪಾದಕ್ಕೆ ಚುಚ್ಚುತ್ತಾರೆ. ಕೆಲವೇ ಗಂಟೆಗಳಲ್ಲಿ ಪಾದ ಊದುತ್ತದೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಅಲ್ಲಿಗೆ ನುಗ್ಗುತ್ತವೆ. ಅವು ಆಮ್ಲಜನಕದಿಂದ ಸೂಪರಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್, ಕೊನೆಗೆ ಹೈಪೋಕ್ಲೋರಸ್ ಆಮ್ಲ ತಯಾರಿಸುತ್ತವೆ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದಾಗ ಕ್ರಿಮಿ ಕೊಲ್ಲುವುದೂ ಇದೇ ಆಮ್ಲ. ಈ ಅಸ್ತ್ರ ಮಿತಿಮೀರಿದರೆ ನಮ್ಮದೇ ಜೀವಕೋಶಗಳನ್ನೂ ಸುಡುತ್ತದೆ. ಅದೇ ಆಕ್ಸಿಡೇಟಿವ್ ಸ್ಟ್ರೆಸ್. ಹಾಗೆಂದು ಪೂರ್ತಿ ಆರಿಸುವಂತೆಯೂ ಇಲ್ಲ. ಹುಟ್ಟಿನಿಂದಲೇ ಈ ಅಸ್ತ್ರವಿಲ್ಲದ ಮಕ್ಕಳನ್ನು ಸೋಂಕು ಮತ್ತೆ ಮತ್ತೆ ಕಾಡುತ್ತದೆ.

ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು. ಈ ಪರೀಕ್ಷೆಯಲ್ಲಿ ಔಷಧವನ್ನು ಸಾಮಾನ್ಯವಾಗಿ ಚುಚ್ಚುವ ಮೊದಲೇ ಕೊಟ್ಟಿರುತ್ತಾರೆ. ಊತ ಅಳೆಯುವುದು ಕೆಲವು ಗಂಟೆ ಮಾತ್ರ. ಅಮ್ಮನ ಮಂಡಿಯೋ ಹತ್ತು ವರ್ಷದಿಂದ ಊದಿದೆ. ಟೆಸ್ಟಿಂಗ್‌ನಲ್ಲಿ ಪಾಸಾದ ಕೋಡು ಪ್ರೊಡಕ್ಷನ್‌ನಲ್ಲಿ ಮಕಾಡೆ ಬೀಳುವುದನ್ನು ನಾನು ನೋಡಿಲ್ಲವೇ?

ಬೆಳಿಗ್ಗೆಯೇ ಹೇಳಿದೆ. "ಮಾತ್ರೆ ಬಿಡಬೇಡಮ್ಮ. ಪುಡಿ ಡಬ್ಬಿ ಮೊದಲು ಡಾಕ್ಟರಿಗೆ ತೋರಿಸು."

"ಆಯ್ತು ಕಣೋ. ಪಾಪ, ಆ ಇಲಿಗೂ ನನ್ನ ಹಾಗೇ ಮಂಡಿನೋವು ಇತ್ತೇನೋ ಅಂದ್ಕೊಂಡಿದ್ದೆ" ಅಂದಳು.